ಚೊಚ್ಚಲ ಬಸುರಿನ ಮೊದಲ ಮೂರು ತಿಂಗಳು

ಹೊಸ ಸೊಸೆಯ ತಿಂಗಳು ತಪ್ಪಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು, "ಮೂರು ತಿಂಗಳು ತುಂಬಲಿ, ಆಮೇಲೆ ಹೇಳುವ" ಎಂಬುದು. ದೃಷ್ಟಿ ತಾಗಬಾರದು, ಏನಾದರೂ ಹೆಚ್ಚುಕಡಿಮೆಯಾದರೆ ಹುಡುಗಿ ನಾಲ್ಕು ಜನರ ಬಾಯಿಗೆ ಬೀಳಬಾರದು ಎಂಬ ಹಿರಿಯರ ಕಾಳಜಿ ಇದರ ಹಿಂದಿದೆ. ಅದನ್ನು ಹಳಿಯುವ ಉದ್ದೇಶ ನನ್ನದಲ್ಲ. ಆದರೆ ಊರಿಗೆ ಹೇಳದಿರುವುದು ಬೇರೆ, ಆಸ್ಪತ್ರೆಗೆ ಹೇಳದಿರುವುದು ಬೇರೆ. ಅದರ ಮೇಲೆ, ಗಡಿನಾಡಿನ ಕನ್ನಡಿಗರಾದ ನಮಗೆ ಆಸ್ಪತ್ರೆಯ ಭಾಷೆಯೂ ಅಡ್ಡ ಬರುತ್ತದೆ. ಇವೆರಡರಿಂದ ಬಹಳ ಬೆಲೆಯುಳ್ಳ ದಿನಗಳು ಕೈತಪ್ಪಿ ಹೋಗುತ್ತವೆ. ಇದನ್ನು ನಾನು ಅನುಭವದಿಂದಲೇ ಕಲಿತೆ.

ಪುತ್ತೂರು ಕಡೆಯಲ್ಲಿ ಹುಟ್ಟಿ, ಟಿ.ಸಿ.ಎಚ್. ಮುಗಿಸಿ, ಮದುವೆಯಾಗಿ ಕಾಸರಗೋಡಿಗೆ ಬಂದವಳು ನಾನು. 2004ರ ಮಳೆಗಾಲದಲ್ಲಿ ಮೊದಲ ಬಾರಿಗೆ ಬಸುರಿಯಾದೆ. ಶಾಲೆಯಲ್ಲಿ ಮಕ್ಕಳಿಗಾಗಿ ಗಂಜಿ, ಹೆಸರುಕಾಳು ಬೇಯುವ ವಾಸನೆ ಬಂದರೆ ಸಾಕು, ಪಾಠ ನಿಲ್ಲಿಸಿ ಹೊರಗೆ ಓಡಬೇಕಾಗುತ್ತಿತ್ತು. ಮನೆಯಲ್ಲಿ ಒಗ್ಗರಣೆಯ ಸದ್ದೂ ಆಗದು. ನಿಂತಲ್ಲೇ ನಿದ್ದೆ, ಕಾರಣವಿಲ್ಲದ ಅಳು. ಇಷ್ಟರ ನಡುವೆಯೂ ಒಳಗೊಳಗೇ ಒಂದು ಹಿಗ್ಗು. ಅದನ್ನು ಯಾರೊಡನೆಯೂ ಹೇಳುವಂತಿಲ್ಲ, ಮೂರು ತಿಂಗಳು ತುಂಬಿಲ್ಲವಲ್ಲ!

ಆಗಸ್ಟ್ ಆರಂಭದಲ್ಲಿ ಸುಸ್ತು ತಡೆಯಲಾರದೆ ಒಂದು ಆಸ್ಪತ್ರೆಗೆ ಹೋದೆವು. ಕಾರ್ಡು ಬರೆಯುತ್ತಿದ್ದ ಸಿಸ್ಟರು, "ಅವಸಾನತ್ತೆ ಮಾಸಮುರ ಎನ್ನಾಯಿರುನ್ನು?" ಎಂದು ಕೇಳಿದರು. ಕನ್ನಡದಲ್ಲಿ ಅವಸಾನವೆಂದರೆ ಸಾವು, ಕೊನೆ. ಎದೆ ಧಸಕ್ಕೆಂದಿತು. ಸಾವರಿಸಿಕೊಂಡು, ಮುಟ್ಟು ಯಾವಾಗ ತಪ್ಪಿತೆಂದು ಕೇಳುತ್ತಿರಬೇಕೆಂದು ಊಹಿಸಿ, ಜೂನ್ 30 ಎಂದೆ. ಅವರು ಕೇಳಿದ್ದು ಕಡೆಯ ಮುಟ್ಟಿನ ಮೊದಲ ದಿನವನ್ನು. ಅದು ಜೂನ್ 2.

ಈ ಒಂದು ಉತ್ತರದಿಂದ ಏನಾಯಿತು ನೋಡಿ. ಕಡೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ ಹೆರಿಗೆಯ ದಿನವನ್ನು ಲೆಕ್ಕ ಹಾಕುತ್ತಾರೆ. ನನ್ನ ಸರಿಯಾದ ದಿನ ಮಾರ್ಚ್ 9. ಕಾರ್ಡಿನಲ್ಲಿ ಬಂದದ್ದು ಏಪ್ರಿಲ್ 6. ಮುಂದೆ ಸ್ಕ್ಯಾನಿಂಗ್ ಮಾಡಿದಾಗ ಕಾರ್ಡಿನ ಪ್ರಕಾರ ನಾಲ್ಕು ತಿಂಗಳು, ಒಳಗಿನ ಮಗುವಿಗೆ ಐದು ತಿಂಗಳು! ಏನೋ ತೊಂದರೆಯಿದೆಯೆಂದು ಎರಡು ರಾತ್ರಿ ಮನೆಮಂದಿಗೆಲ್ಲ ನಿದ್ದೆಯಿಲ್ಲ. ಕೊನೆಗೆ ಕನ್ನಡ ಬಲ್ಲ ಇನ್ನೊಬ್ಬ ಸಿಸ್ಟರು ಪಕ್ಕದಲ್ಲಿ ಕುಳಿತು ವಿಚಾರಿಸಿದಾಗ ಗಂಟು ಬಿಚ್ಚಿತು. ಮಗಳು ಮಾರ್ಚಿನಲ್ಲಿಯೇ ಸುಖವಾಗಿ ಹುಟ್ಟಿದಳು. ತಪ್ಪು ತಿದ್ದದೆ ಹೋಗಿದ್ದರೆ ದಿನ ತುಂಬಿದ ಮಗುವನ್ನು ದಿನ ತುಂಬದ್ದೆಂದು ಎಣಿಸುತ್ತಿದ್ದರು, ಇಲ್ಲವೆ ದಿನ ಮೀರಿದರೂ ಕಾಯುತ್ತ ಕೂರುತ್ತಿದ್ದರು.

ಗುಟ್ಟಿನ ತಿಂಗಳುಗಳೇ ಮುಖ್ಯ

ಮಗುವಿನ ಮೆದುಳು, ಬೆನ್ನುಹುರಿಗಳಿಗೆ ಮೂಲವಾದ ನಾಳವು ಗರ್ಭ ನಿಂತ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಎಷ್ಟೋ ಮಂದಿಗೆ ತಾವು ಬಸುರಿ ಎಂದು ಖಚಿತವಾಗುವುದೇ ಆ ಹೊತ್ತಿಗೆ. ಅದು ಸರಿಯಾಗಿ ಮುಚ್ಚಲು ಫೋಲಿಕ್ ಆಮ್ಲ ಬೇಕು. ಆದುದರಿಂದ ಮಗು ಬೇಕೆಂದು ಎಣಿಸಿದಾಗಿನಿಂದಲೇ, ತಪ್ಪಿದರೆ ತಿಳಿದ ದಿನದಿಂದಲಾದರೂ, ಹನ್ನೆರಡು ವಾರ ತುಂಬುವವರೆಗೆ ದಿನಕ್ಕೆ 400 ಮೈಕ್ರೋಗ್ರಾಮಿನ ಮಾತ್ರೆ ತೆಗೆದುಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ಕಬ್ಬಿಣದ ಮಾತ್ರೆ ಬರುವುದು ನಾಲ್ಕನೆಯ ತಿಂಗಳಿನಿಂದ. ಹಿತ್ತಿಲಿನ ಹರಿವೆ, ಬಸಳೆ, ನುಗ್ಗೆಸೊಪ್ಪು ಒಳ್ಳೆಯದೇ, ಆದರೆ ಅವು ಮಾತ್ರೆಗೆ ಬದಲಿಯಲ್ಲ.

ಹನ್ನೆರಡು ವಾರದೊಳಗೆ ಆಶಾ ಕಾರ್ಯಕರ್ತೆಯ ಮೂಲಕವೋ ಉಪಕೇಂದ್ರದ ನರ್ಸಿನ ಮೂಲಕವೋ ಹೆಸರು ನೋಂದಾಯಿಸಬೇಕು. ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಮೂತ್ರ, ರಕ್ತದೊತ್ತಡಗಳ ಪರೀಕ್ಷೆ ಆಗಬೇಕು. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆಯೆಂದು ಲೆಕ್ಕ. ಅದನ್ನು ಆರಂಭದಲ್ಲೇ ಕಂಡುಕೊಂಡರೆ ಸರಿಪಡಿಸಲು ಸಮಯವಿರುತ್ತದೆ.

ಓಕರಿಕೆ ಸಾಮಾನ್ಯವಾಗಿ ಆರನೆಯ ವಾರದ ಸುಮಾರಿಗೆ ತೊಡಗಿ, ಹೆಚ್ಚಿನವರಿಗೆ ಹದಿನಾಲ್ಕನೆಯ ವಾರದ ಹೊತ್ತಿಗೆ ಇಳಿಯುತ್ತದೆ. ಹೊಟ್ಟೆ ಖಾಲಿ ಬಿಡದೆ, ಸ್ವಲ್ಪಸ್ವಲ್ಪವೇ ಹಲವು ಸಲ ತಿನ್ನುವುದೇ ಉಪಾಯ. ನನಗೆ ಒಗ್ಗಿದ್ದು ತಣಿದ ಕುಚ್ಚಲಕ್ಕಿ ಗಂಜಿಯ ತಿಳಿ ಮತ್ತು ಒಂದು ಚೂರು ನೆಲ್ಲಿಕಾಯಿ. ಕುಡಿದ ನೀರೂ ನಿಲ್ಲದಿದ್ದರೆ, ರಕ್ತ ಕಂಡರೆ, ಕಿಬ್ಬೊಟ್ಟೆ ವಿಪರೀತ ನೋಯುತ್ತಿದ್ದರೆ, ತಲೆಸುತ್ತಿ ಬಿದ್ದರೆ, ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಅಂಗಡಿಯಿಂದ ತಾವಾಗಿ ಮಾತ್ರೆ ತಂದು ನುಂಗಬಾರದು. ಮೊದಲಿನಿಂದ ತೆಗೆದುಕೊಳ್ಳುತ್ತಿರುವ ಮದ್ದನ್ನು ವೈದ್ಯರನ್ನು ಕೇಳದೆ ನಿಲ್ಲಿಸಲೂಬಾರದು.

ಇಂಥ ಎಚ್ಚರವಿದ್ದರೂ ಕೆಲವೊಮ್ಮೆ ಬಸುರು ನಿಲ್ಲುವುದಿಲ್ಲ. ತಿಳಿದುಬಂದ ಬಸುರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಹೀಗೆ ಹೋಗುತ್ತವೆ. ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ. ಬಹುಪಾಲು ಕಾರಣ ಭ್ರೂಣದ ವರ್ಣತಂತುಗಳಲ್ಲಿನ ದೋಷ. ಸೊಸೆ ಕೊಡಪಾನ ಎತ್ತಿದ್ದಾಗಲಿ, ಬಸ್ಸಿನಲ್ಲಿ ಹೋದದ್ದಾಗಲಿ ಅಲ್ಲ. ನೊಂದ ಹುಡುಗಿಯ ತಲೆಗೆ ತಪ್ಪನ್ನೂ ಹೊರಿಸುವುದು ದೊಡ್ಡ ಅನ್ಯಾಯ.

ನಾಲ್ಕು ಮಾತು ಕಲಿಯಿರಿ

ಕಳೆದ ವರ್ಷ ನೆರೆಮನೆಯ ಸೊಸೆ, ಸುಳ್ಯ ಕಡೆಯ ಹುಡುಗಿ, ಮಾತ್ರೆಯ ಲಕೋಟೆ ಹಿಡಿದು ಬಂದಳು. "ಅಕ್ಕ, ನರ್ಸ್ ಏನೋ ಶೇಷ ಎಂದರು. ಊಟ ಉಳಿದರೆ ಮಾತ್ರ ತೆಗೆದುಕೊಳ್ಳುವುದಾ?" ಎಂದು ಕೇಳಿದಳು. ಮಲೆಯಾಳದಲ್ಲಿ "ಭಕ್ಷಣತ್ತಿನು ಶೇಷಂ" ಎಂದರೆ ಊಟದ ನಂತರ. ಪಾಪ, ಎಂಟು ದಿನದ ಮಾತ್ರೆ ಹಾಗೆಯೇ ಉಳಿದಿತ್ತು. ನಗು ಬಂದರೂ ನನ್ನ ಜೂನ್ 30 ನೆನಪಾಗಿ ಸುಮ್ಮನಾದೆ.

ಅಂದಿನಿಂದ ಕನ್ನಡ ಹುಡುಗಿಯರಿಗೆ ಕೆಲವು ಶಬ್ದಗಳನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದೇನೆ. ಮಾಸಮುರ ಎಂದರೆ ಮುಟ್ಟು. ಅವಸಾನತ್ತೆ ಎಂದರೆ ಕಡೆಯ. ಛರ್ದಿ, ವಾಂತಿ. ತಲಕರಕ್ಕಂ, ತಲೆಸುತ್ತು. ವಯರುವೇದನ, ಹೊಟ್ಟೆನೋವು. ವಿಳರ್ಚ್ಚ, ರಕ್ತಹೀನತೆ. ಗುಳಿಗ, ಮಾತ್ರೆ. ಕಡೆಯ ಮುಟ್ಟಿನ ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಬರೆದುಕೊಂಡೇ ಹೋಗಿ. ಅರ್ಥವಾಗದಿದ್ದರೆ ತಲೆಯಾಡಿಸಬೇಡಿ, ಇನ್ನೊಮ್ಮೆ ಕೇಳಿ. ಕನ್ನಡದಲ್ಲಿ ತಿಳಿಸಿ ಎನ್ನುವುದಕ್ಕೆ ನಾಚಿಕೆ ಬೇಡ. ಕನ್ನಡಿಗರು ತಲೆತಲಾಂತರದಿಂದ ಬಾಳಿದ ನೆಲವಿದು. ಗಂಡಂದಿರೂ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲದೆ ಒಳಗೆ ಜೊತೆಯಲ್ಲಿ ಕೂರಬೇಕು. ಮಲೆಯಾಳ ಬಲ್ಲವರು ಮನೆಯಲ್ಲಿ ಹೆಚ್ಚಾಗಿ ಅವರೇ.

ಅತ್ತೆಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ಊರಿಗೆ ಮೂರು ತಿಂಗಳ ಬಳಿಕವೇ ಹೇಳಿ, ಅಡ್ಡಿಯಿಲ್ಲ. ಆದರೆ ತಿಂಗಳು ತಪ್ಪಿದ ವಾರದಲ್ಲೇ ಸೊಸೆಯ ಕೈಹಿಡಿದು ಆಸ್ಪತ್ರೆಗೆ ನಡೆಯಿರಿ.