ತಿಳಿಮೇಣ ಮತ್ತು ಗಟ್ಟೆಣ್ಣೆ: ಪಾರದರ್ಶಕವಾದ ದೀಪದ್ರವ್ಯದ ಸ್ವರೂಪವೂ ನಾಮವಿಚಾರವೂ

ದೀಪಕ್ಕೆ ಪಾತ್ರ, ಸ್ನೇಹ, ವರ್ತಿ ಎಂದು ಮೂರು ಅಂಗಗಳುಂಟು. ನಮ್ಮ ಮಾತಿನಲ್ಲಿ ಹಣತೆ, ಎಣ್ಣೆ, ಬತ್ತಿ. ಇವುಗಳಲ್ಲಿ ಪಾತ್ರವನ್ನು ತೊರೆದು, ಸ್ನೇಹವೇ ತನಗೆ ತಾನು ಪಾತ್ರವಾಗಿ ನಿಂತರೆ ಅದು ಮೇಣದ ಬತ್ತಿ. ಕನ್ನಡಿಗರು ಇದನ್ನು ದೀಪವೆನ್ನದೆ ಬತ್ತಿಯೆಂದು ಕರೆದುದು ಆಕಸ್ಮಿಕವಲ್ಲ. ಹಣತೆಯಿಲ್ಲದೆ ನೆಟ್ಟಗೆ ನಿಲ್ಲುವುದೇ ಇದರ ಅಸಾಧಾರಣ ಧರ್ಮವೆಂಬುದನ್ನು ಆ ಹೆಸರು ಸೂಚಿಸುತ್ತದೆ. ಈಚಿನ ವರ್ಷಗಳಲ್ಲಿ ದೀಪಾವಳಿಯ ಸಮಯಕ್ಕೆ ತುಮಕೂರಿನ ಅಂಗಡಿಗಳಲ್ಲಿ ಗಾಜಿನ ಲೋಟದೊಳಗೆ ನೀರಿನಂತೆ ತಿಳಿಯಾಗಿ, ಮುಟ್ಟಿದರೆ ಮೆತ್ತಗೆ ಅದುರುವ ಒಂದು ದ್ರವ್ಯವನ್ನು ತುಂಬಿ, ನಡುವೆ ಬತ್ತಿಯನ್ನಿಟ್ಟು ಮಾರುವುದುಂಟು. ಇದನ್ನು ‘ಜೆಲ್ ಮೇಣದ ಬತ್ತಿ’ ಎನ್ನುತ್ತಾರೆ. ಈ ಹೆಸರಿನ ಮೂರು ಪದಗಳಲ್ಲಿ ಎರಡು ಅಯಥಾರ್ಥವೆಂದೂ, ಆ ಅಯಥಾರ್ಥತೆಯಿಂದ ಕೈ ಸುಟ್ಟುಕೊಳ್ಳುವ ಸಂಭವವುಂಟೆಂದೂ ತೋರಿಸುವುದು ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ವಸ್ತುವನ್ನರಿಯದೆ ಶಬ್ದವನ್ನು ತಿದ್ದಹೊರಡುವುದು ವೈಯಾಕರಣರ ಹಳೆಯ ಚಪಲ.

ಮೊದಲನೆಯದಾಗಿ, ಸಾಧಾರಣವಾದ ಮೇಣವು ಏಕೆ ಪಾರದರ್ಶಕವಲ್ಲ? ಇದಕ್ಕೆ ನಿದರ್ಶನವನ್ನು ಅಡಿಗೆಮನೆಯಲ್ಲಿಯೇ ಕಾಣಬಹುದು. ಕಾಯಿಸಿದ ತುಪ್ಪ ತಿಳಿಯಾಗಿರುತ್ತದೆ. ಆರಿದಾಗ ಹರಳುಗಟ್ಟಿ ಬೆಳ್ಳಗಾಗುತ್ತದೆ. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದರಿಂದ, ತೆಂಗಿನ ನಾಡಾದ ನಮ್ಮ ಜಿಲ್ಲೆಯಲ್ಲಿ ಪುಷ್ಯಮಾಸದ ಬೆಳಗಿನಲ್ಲಿ ಸೀಸೆಯೊಳಗಣ ಎಣ್ಣೆ ಸುಣ್ಣದಂತೆ ಬಿಳಿಯಾಗಿರುವುದನ್ನು ಎಲ್ಲರೂ ಬಲ್ಲರು. ದ್ರವ್ಯ ಅದೇ, ಬಣ್ಣವನ್ನೇನೂ ಬೆರಸಿಲ್ಲ. ಆರುವಾಗ ಅಣುಗಳು ಸಾಲುಗಟ್ಟಿ ಅಸಂಖ್ಯವಾದ ಸಣ್ಣ ಹರಳುಗಳಾಗುತ್ತವೆ. ಒಳಹೊಕ್ಕ ಬೆಳಕು ಒಂದೊಂದು ಹರಳಿನ ಅಂಚಿನಲ್ಲಿಯೂ ದಾರಿ ತಪ್ಪಿ ಚದರಿಹೋಗುತ್ತದೆ. ಹರಳುಗಳು ಬೆಳಕಿನ ಅಲೆಯ ಉದ್ದಕ್ಕಿಂತ, ಎಂದರೆ ಮಿಲಿಮೀಟರಿನ 10,000 ಪಾಲುಗಳಲ್ಲಿ 4ರಿಂದ 7ರಷ್ಟಕ್ಕಿಂತ, ಬಹಳ ಚಿಕ್ಕವಾಗಿದ್ದರೆ ಅಥವಾ ಹುಟ್ಟದೆಯೇ ಇದ್ದರೆ ವಸ್ತುವು ತಿಳಿಯಾಗಿಯೇ ಉಳಿಯುವುದು. ಜೇನುಮೇಣವಾಗಲಿ, ಶೆವ್ರೊಲ್ ಎಂಬ ಫ್ರೆಂಚ್ ವಿದ್ವಾಂಸನು 19ನೆಯ ಶತಮಾನದ ಮೊದಲ ಪಾದದಲ್ಲಿ ಕೊಬ್ಬಿನಿಂದ ಬೇರ್ಪಡಿಸಿ ತೋರಿಸಿದ ಸ್ಟಿಯರಿಕ್ ಆಮ್ಲವಾಗಲಿ, 1830ರಲ್ಲಿ ರೈಕನ್‌ಬಾಕ್ ಕಂಡುಹಿಡಿದ ಪ್ಯಾರಾಫಿನ್ ಆಗಲಿ, ಎಲ್ಲವೂ ಹರಳುಗಟ್ಟುವ ಜಾತಿಯವೇ. ಗಟ್ಟಿಯಾಗಿ ನಿಲ್ಲುವ ಶಕ್ತಿ ಇವಕ್ಕೆ ಬಂದುದು ಹರಳಿನಿಂದ. ಪಾರದರ್ಶಕತೆ ಹೋದುದೂ ಅದರಿಂದಲೇ. ಆದುದರಿಂದ ‘ತಿಳಿಯಾಗಿಯೂ ಇರಬೇಕು, ನೆಟ್ಟಗೂ ನಿಲ್ಲಬೇಕು’ ಎಂದರೆ ಹರಳಿನ ಸಹಾಯವಿಲ್ಲದೆ ಗಟ್ಟಿತನವನ್ನು ಬೇರೆ ಕಡೆಯಿಂದ ತರಬೇಕಾಯಿತು.

ಮೇಣಕ್ಕೆ ಮತ್ತೊಂದು ದ್ರವ್ಯವನ್ನು ಕೂಡಿಸಿ ಅದರ ಗುಣವನ್ನು ಮಾರ್ಪಡಿಸುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಮೇಣದಿಂದ ಪ್ರತಿಮೆಯನ್ನು ಮಾಡಿ, ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಹೊರಗೆ ಹರಿಯಿಸಿ, ಆ ಬರಿದಾದ ಎಡೆಗೆ ಲೋಹವನ್ನೆರೆಯುವ ಕ್ರಮವು ವಿವರವಾಗಿ ಹೇಳಲ್ಪಟ್ಟಿದೆ. ಇದೇ ಮಧೂಚ್ಛಿಷ್ಟವಿಧಾನ. ಕುಣಿಗಲಿಗೆ ನೆರೆಯ ನಾಗಮಂಗಲವು ಲೋಹದ ಕೆಲಸಕ್ಕೆ ಬಹುಕಾಲದಿಂದ ಹೆಸರಾದುದು. ದಕ್ಷಿಣದೇಶದ ಎರಕದ ಶಿಲ್ಪಿಗಳು ಬರಿಯ ಜೇನುಮೇಣವನ್ನು ಬಳಸರು. ಅದರಲ್ಲಿ ರಾಳವನ್ನೂ ಸ್ವಲ್ಪ ಎಣ್ಣೆಯನ್ನೂ ಸೇರಿಸುವರು. ರಾಳದಿಂದ ಮೇಣಕ್ಕೆ ನಿಲುವು, ಎಣ್ಣೆಯಿಂದ ಬಾಗುವ ಗುಣ. ಕೈಬೆರಳಿನಷ್ಟು ಸಣ್ಣ ಕೊಂಬೆಯನ್ನು ಬಾಗಿಸಿದರೂ ಮುರಿಯದೆ, ಬಿಟ್ಟರೂ ಜೋತುಬೀಳದೆ ಇರಬೇಕು. ಇಲ್ಲವಾದರೆ ದೇವತೆಯ ಬೆರಳು ಎರಕಕ್ಕೆ ಮೊದಲೇ ಸೊಟ್ಟಗಾಗುವುದು. ಈಗಿನ ರಸಾಯನಜ್ಞರು ಹಿಡಿದ ದಾರಿಯೂ ತತ್ತ್ವತಃ ಇದೇ: ಎಣ್ಣೆಯೊಂದು, ಅದಕ್ಕೆ ನಿಲುವನ್ನು ಕೊಡುವ ರಾಳಸದೃಶವಾದ ದ್ರವ್ಯ ಮತ್ತೊಂದು.

ಈ ಪ್ರಯತ್ನದ ಚರಿತ್ರೆಯಲ್ಲಿ ಎರಡು ಧಾರೆಗಳಿವೆ. 1971ರಲ್ಲಿ ಅಮೆರಿಕದಲ್ಲಿ ಫೆಲ್ಟನ್ ಎಂಬವರು ಪಾಲಿಅಮೈಡ್ ಎಂಬ ರಾಳವನ್ನು ಆಧಾರವಾಗಿಟ್ಟ ಬತ್ತಿಗೆ ಹಕ್ಕುಪತ್ರ ಪಡೆದರು. ಈ ಧಾರೆಯು ಮುಂದುವರಿದು, 1998ರಲ್ಲಿ ಯೂನಿಯನ್ ಕ್ಯಾಂಪ್ ಎಂಬ ಕಾಗದದ ಕಂಪೆನಿಯ ವಿಜ್ಞಾನಿಗಳು ಎಣ್ಣೆಯೊಡನೆ ಚೆನ್ನಾಗಿ ಹೊಂದಿಕೊಳ್ಳುವ ಹೊಸ ಪಾಲಿಅಮೈಡ್ ಒಂದನ್ನು ಸಾಧಿಸಿದರು. ಕಾಗದದವರಿಗೂ ಬತ್ತಿಗೂ ಏನು ನಂಟು? ಪೈನ್ ಮರವನ್ನು ಬೇಯಿಸಿ ಕಾಗದದ ತಿರುಳನ್ನು ತೆಗೆಯುವಾಗ ಉಪೋತ್ಪನ್ನವಾಗಿ ಒಂದು ಎಣ್ಣೆ ದೊರೆಯುತ್ತದೆ. ಅದರಲ್ಲಿರುವ 18 ಇಂಗಾಲದ ಪರಮಾಣುಗಳುಳ್ಳ ಕೊಬ್ಬಿನ ಆಮ್ಲಗಳನ್ನು ಎರಡೆರಡಾಗಿ ಬೆಸೆದು 36 ಇಂಗಾಲದ ಆಮ್ಲವನ್ನು ಮಾಡಿ, ಅದನ್ನು ಡೈಅಮೀನಿನೊಡನೆ ಸರಪಣಿಯಾಗಿ ಜೋಡಿಸುವರು. ಸರಪಣಿಯ ಎರಡು ತುದಿಗಳಿಗೂ ಉದ್ದವಾದ ಆಲ್ಕೊಹಾಲನ್ನು ಟೋಪಿಯಂತೆ ತೊಡಿಸುವರು. ಆ ಟೋಪಿಯೇ ಇಲ್ಲಿನ ಜಾಣತನ: ತುದಿಗಳು ಎಣ್ಣೆಗೆ ಒಗ್ಗುವ ಸ್ವಭಾವದವಾದುದರಿಂದ ರಾಳವು ಎಣ್ಣೆಯಿಂದ ಬೇರ್ಪಡದೆ ಬೆರೆತು ನಿಲ್ಲುತ್ತದೆ, ನಡುವಿನ ಅಮೈಡ್ ಗಂಟುಗಳು ಒಂದನ್ನೊಂದು ಹಿಡಿದು ಜಾಲವನ್ನು ಕಟ್ಟುತ್ತವೆ. ಅಚ್ಚಿನಿಂದ ತೆಗೆದಮೇಲೆ ಲೋಟದ ಹಂಗಿಲ್ಲದೆ ನಿಲ್ಲುವ ಪಾರದರ್ಶಕವಾದ ಬತ್ತಿ ಈ ಧಾರೆಯ ಫಲ.

ಎರಡನೆಯ ಧಾರೆ ರಬ್ಬರಿನದು. 1999ರಲ್ಲಿ ಪೆನ್ರೆಕೊ ಎಂಬ ಕಂಪೆನಿಗೆ ದೊರೆತ ಹಕ್ಕುಪತ್ರದಲ್ಲಿ, ಶುದ್ಧೀಕರಿಸಿದ ಖನಿಜತೈಲಕ್ಕೆ ಒಂದು ವಿಧವಾದ ಕೃತಕ ರಬ್ಬರನ್ನು ಕೂಡಿಸುವ ವಿಧಾನವಿದೆ. ಆ ರಬ್ಬರಿನ ಅಣುವಿನ ಎರಡು ತುದಿಗಳು ಪಾಲಿಸ್ಟೈರೀನ್. ಅವು ಎಣ್ಣೆಯನ್ನು ಒಲ್ಲದೆ ತಮ್ಮಂಥವುಗಳೊಡನೆ ಗುಂಪುಗೂಡುತ್ತವೆ. ನಡುಭಾಗವು ಎಣ್ಣೆಯನ್ನು ಬಯಸಿ ಅದರಲ್ಲಿ ಹರಡಿಕೊಳ್ಳುತ್ತದೆ. ಹೀಗೆ ಗುಂಪುಗಳು ಗೂಟಗಳಾಗಿ, ನಡುಭಾಗಗಳು ಹಗ್ಗಗಳಾಗಿ, ಎಣ್ಣೆಯೆಲ್ಲ ಬಲೆಯೊಳಗೆ ಸಿಕ್ಕಿಕೊಳ್ಳುತ್ತದೆ. ಗುಂಪುಗಳು ಬೆಳಕಿನ ಅಲೆಗಿಂತ ಎಷ್ಟೋ ಚಿಕ್ಕವಾದುದರಿಂದ ಕಣ್ಣಿಗೆ ಬೀಳವು. ಈ ದ್ರವ್ಯದಲ್ಲಿ ನೂರಕ್ಕೆ 70 ಪಾಲಿಗೆ ಕಡಿಮೆಯಿಲ್ಲದಂತೆ ಎಣ್ಣೆಯೇ ಇರುವುದೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಅಂಗಡಿಯ ಲೋಟದಲ್ಲಿ ಅದುರುವುದು ಇದೇ.

ಇಲ್ಲೊಂದು ಶಂಕೆ ಬರಬಹುದು: ರಬ್ಬರನ್ನು ಇನ್ನಷ್ಟು ಕೂಡಿಸಿದರೆ ಇದೂ ಲೋಟವಿಲ್ಲದೆ ನಿಲ್ಲುವುದಲ್ಲವೆ? ನಿಲ್ಲುತ್ತದೆ, ಆದರೆ ಉರಿಯುವುದು ಕಷ್ಟ. ಬತ್ತಿಯ ನೂಲು ಕರಗಿದ ಸ್ನೇಹವನ್ನು ಸಣ್ಣ ಸಂದುಗಳ ಮೂಲಕ ಮೇಲಕ್ಕೆ ಹೀರಿ ಜ್ವಾಲೆಗೆ ಒಪ್ಪಿಸಬೇಕು. ಕರಗಿದುದು ನೀರಾಗಿದ್ದರೆ ಏರುವುದು. ಅಂಟಿನ ಪಾಕದಂತಿದ್ದರೆ ಏರದು. ಮೇಲಾಗಿ ಉದ್ದವಾದ ಸರಪಣಿಯ ಅಣುಗಳು ಎಣ್ಣೆಯಂತೆ ಆವಿಯಾಗದೆ ನೂಲಿನ ತುದಿಯಲ್ಲಿ ಕರಿಕಟ್ಟುವುವು. ನಿಲುವನ್ನು ಹೆಚ್ಚಿಸಿದರೆ ಜ್ವಾಲೆ ಸೊರಗುತ್ತದೆ, ಜ್ವಾಲೆಗೆ ಅನುಕೂಲಮಾಡಿದರೆ ಬತ್ತಿ ಕುಸಿಯುತ್ತದೆ. ಬಾಗುವ ಗುಣವೂ ಬೇಕೆಂದರೆ ಬಿಕ್ಕಟ್ಟು ಮತ್ತಷ್ಟು ಬಿಗಿಯಾಗುವುದು. ಬಿಸಿಯಲ್ಲಿ ತಟ್ಟನೆ ತೆಳ್ಳಗಾಗಿ ತಣ್ಣಗಾದೊಡನೆ ಬಿಗಿಯುವ ರಾಳವನ್ನೇ ಹುಡುಕಬೇಕಾದುದು ಈ ಕಾರಣದಿಂದ. ಪಾಲಿಅಮೈಡಿನ ಧಾರೆಗೆ ಈ ವಿಷಯದಲ್ಲಿ ಮೇಲುಗೈ.

ಇನ್ನು ನಾಮವಿಚಾರ. ಅಮರಕೋಶವು ಜೇನುಮೇಣಕ್ಕೆ ಮಧೂಚ್ಛಿಷ್ಟ, ಸಿಕ್ಥಕ ಎಂಬ ಹೆಸರುಗಳನ್ನು ಹೇಳುತ್ತದೆ. ಜೇನನ್ನು ಹಿಂಡಿದಮೇಲೆ ಉಳಿದ ಎಂಜಲು ಎಂಬುದು ಮೊದಲನೆಯದರ ಅವಯವಾರ್ಥ. ಸಂಸ್ಕೃತದ ಮದನ ಶಬ್ದಕ್ಕೂ ಈ ಅರ್ಥವುಂಟು. ಅದು ಪ್ರಾಕೃತದಲ್ಲಿ ಮಯಣವಾಗಿ, ನಮ್ಮಲ್ಲಿಯೂ ಮರಾಠಿಯಲ್ಲಿಯೂ ಮೇಣವಾಯಿತು. ಮೊಂಬತ್ತಿಯ ‘ಮೊಂ’ ಪಾರಸಿಯ ಮೋಮ್; ಬತ್ತಿಯೋ ವರ್ತಿಯ ತದ್ಭವ. ಆದರೆ ಕನ್ನಡದ ಮೇಣವು ಜೇನುಗೂಡಿನಲ್ಲಿಯೇ ನಿಂತಿಲ್ಲ. ಗುಬ್ಬಿಯ ಸೀಮೆಯಲ್ಲಿ ಮೇಣವೆಂದೊಡನೆ ಜನರ ಮನಸ್ಸಿಗೆ ಬರುವುದು ಹಲಸಿನ ಮೇಣ. ಆ ತಾಲ್ಲೂಕಿನ ಚೇಳೂರು ಹಲಸಿಗೆ ಪ್ರಸಿದ್ಧ. ಕೆಂಪು ತೊಳೆಯ ‘ಸಿದ್ದು’ ತಳಿಯನ್ನು ಹಿರೇಹಳ್ಳಿಯ ತೋಟಗಾರಿಕಾ ಕೇಂದ್ರದವರು ಗುರುತಿಸಿದ್ದು ಅಲ್ಲಿಯೇ. ಹಲಸನ್ನು ಕೊಯ್ಯುವವರು ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುವುದು ಈ ಮೇಣಕ್ಕೆ ಅಂಜಿ. ಅದು ಎಳೆದರೆ ಎಳೆಯಾಗುತ್ತದೆ, ಬಾಗುತ್ತದೆ, ಹರಳುಗಟ್ಟುವುದಿಲ್ಲ. ಅಂದಮೇಲೆ ನಮ್ಮ ಭಾಷೆಯಲ್ಲಿ ಮೇಣವೆಂಬುದು ಹರಳಿನ ಮೇಣವನ್ನೂ ಸರಪಣಿಯ ಮೇಣವನ್ನೂ ಒಳಕೊಂಡ ಶಬ್ದ. ಪಾಲಿಅಮೈಡಿನಿಂದಾಗಿ ತಾನೇ ನಿಲ್ಲುವ ದ್ರವ್ಯವನ್ನು ‘ತಿಳಿಮೇಣ’ವೆಂದು ಕರೆಯಲು ಇದರಿಂದ ಅಧಿಕಾರ ದೊರೆಯುತ್ತದೆ. ತಿಳಿನೀರು, ತಿಳಿಸಾರು ಮುಂತಾದ ಪ್ರಯೋಗಗಳಿರುವಾಗ ‘ಪಾರದರ್ಶಕ ಸಿಕ್ಥಕ’ವೆಂದು ಮಕ್ಕಳನ್ನು ಹೆದರಿಸಬೇಕಾದ ಅಗತ್ಯವಿಲ್ಲ, ಸಂಸ್ಕೃತವನ್ನೇ ಓದಿ ಬೆಳೆದವನಾದರೂ ನಾನು ಇದನ್ನು ಹೇಳಬೇಕು.

ಲೋಟದಲ್ಲಿರುವ ಎರಡನೆಯ ದ್ರವ್ಯಕ್ಕೆ ಈ ಹೆಸರು ಸಲ್ಲದು. ಅದು ಮೇಣವಲ್ಲ, ಗಟ್ಟಿಮಾಡಿದ ಎಣ್ಣೆ. ತಾನೇ ನಿಲ್ಲದುದರಿಂದ ಬತ್ತಿಯೂ ಅಲ್ಲ. ಪಾತ್ರವನ್ನು ಅಪೇಕ್ಷಿಸುವುದರಿಂದ ಹಣತೆಯ ವರ್ಗಕ್ಕೆ ಸೇರಿದುದು. ಕೆಲವರು ಲೋಳೆಯೆನ್ನುವರು, ಲೋಳೆ ಜಾರಿ ಹರಿಯುವುದು, ಇದು ಹರಿಯದು. ಎಳನೀರಿನೊಳಗಣ ಗಂಜಿಯ ಹೋಲಿಕೆ ರೂಪಕ್ಕೆ ಸೊಗಸಾಗಿದೆ, ಆದರೆ ಗಂಜಿಯು ನೀರಿನ ಸಂತಾನ. ‘ಗಟ್ಟೆಣ್ಣೆ’ ಎಂದರೆ ವಸ್ತುವಿನ ಸ್ವಭಾವವೇ ಹೆಸರಾಗುತ್ತದೆ. ಗಟ್ಟಿ, ಎಣ್ಣೆ ಎಂಬೆರಡೂ ಆಬಾಲವೃದ್ಧರಿಗೆ ತಿಳಿದವು, ನಡುವೆ ನಡೆದುದು ಲೋಪಸಂಧಿ. ಹಾಗೆ ಗಟ್ಟೆಣ್ಣೆಯ ಹಣತೆ.

ಹೆಸರಿನಿಂದ ಏನಾಗುವುದೆಂದು ಕೇಳುವವರಿಗೆ ಉತ್ತರವಿದೆ. ಜೇನುಮೇಣವು 62ರಿಂದ 64 ಡಿಗ್ರಿಯೊಳಗೆ ಕರಗುತ್ತದೆ. ಆದುದರಿಂದ ಮೇಣದ ಪಾತ್ರೆಯನ್ನು ಕುದಿನೀರಿನ ಪಾತ್ರೆಯಲ್ಲಿಟ್ಟು ಕರಗಿಸುವುದು ರೂಢಿ. ನೀರು 100 ಡಿಗ್ರಿಯನ್ನು ಮೀರದಾದುದರಿಂದ ಅದೇ ಕಾವಲು. ಗಟ್ಟೆಣ್ಣೆಯು ಅಚ್ಚಿಗೆರೆಯುವಷ್ಟು ತೆಳ್ಳಗಾಗಬೇಕಾದರೆ 90ರಿಂದ 100 ಡಿಗ್ರಿಯೂ ಅದಕ್ಕಿಂತ ಮೇಲೂ ಬೇಕಾಗುತ್ತದೆ. ಕುದಿನೀರಿನಲ್ಲಿ ಅದು ಮೊಂಡಾಗಿ ಕುಳಿತಿರುತ್ತದೆ. ‘ಮೇಣ’ವೆಂದು ನಂಬಿ ಕೊಂಡವರು ಬೇಸತ್ತು ಪಾತ್ರೆಯನ್ನು ಬೆಂಕಿಯ ಮೇಲೆಯೇ ಇಡುವರು. ಎಣ್ಣೆಯೆಂದು ತಿಳಿದವರು ಬಾಣಲೆಯ ಬಳಿ ನಿಲ್ಲುವ ಎಚ್ಚರಿಕೆಯಿಂದ ನಿಲ್ಲುತ್ತಿದ್ದರು, ಉಷ್ಣಮಾಪಕವನ್ನು ಇಟ್ಟುಕೊಳ್ಳುತ್ತಿದ್ದರು. ಉರಿ ಹತ್ತಿದರೆ ನೀರೆರಚದೆ ಮುಚ್ಚಳ ಮುಚ್ಚುತ್ತಿದ್ದರು. ಇದಲ್ಲದೆ ಅಂದಕ್ಕಾಗಿ ಒಳಗೆ ಒಣಹೂವನ್ನೋ ಪ್ಲಾಸ್ಟಿಕ್ಕಿನ ಮೀನನ್ನೋ ಹುದುಗಿಸುವುದು ವಾಡಿಕೆಯಾಗಿದೆ. ಉರಿ ಅಲ್ಲಿಗಿಳಿದಾಗ ಒಣಹೂವು ಎರಡನೆಯ ಬತ್ತಿಯಾಗುವುದು, ಲೋಟದ ಗಾಜು ಸೀಳುವುದು. ಖನಿಜತೈಲದಲ್ಲಿ ಕರಗದ ಪರಿಮಳದ್ರವ್ಯವು ಒಂದೆಡೆ ಕೂಡಿಕೊಂಡು ಭಗ್ಗನೆ ಹತ್ತಿಕೊಳ್ಳಬಹುದು. ಎಣ್ಣೆ ತುಂಬಿದ ಹಣತೆಯಲ್ಲಿ ಯಾವ ಗೃಹಿಣಿಯೂ ಒಣಹೂವನ್ನು ಹಾಕಿ ದೀಪ ಹಚ್ಚಳು. ತಿಳಿಮೇಣದ ಬತ್ತಿಗಾದರೂ ಅಡಿಯಲ್ಲಿ ತಟ್ಟೆಯಿಡಬೇಕು. ನಿಲ್ಲುವ ಶಕ್ತಿಯುಳ್ಳದ್ದು ಕರಗಿ ಹರಿಯದೆಂದು ಅರ್ಥವಲ್ಲ.

ಶಾಸ್ತ್ರವನ್ನೂ ಸಾಹಿತ್ಯವನ್ನೂ ಒಬ್ಬರೇ ಹೊತ್ತ ಕಾಲವೂ ಇತ್ತು. ಪಂಪಭಾರತವನ್ನು ಸಂಪಾದಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ತುಮಕೂರಿನ ಬಳಿಯ ಬೆಳ್ಳಾವೆಯವರು, ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರು, 20ನೆಯ ಶತಮಾನದ ಎರಡನೆಯ ದಶಕದಲ್ಲಿಯೇ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ನಡೆಸಿದವರು. ಪರಿಭಾಷೆಯ ಭಾರವನ್ನು ಅಂಗಡಿಯ ಚೀಟಿ ಬರೆಯುವವರಿಗೆ ಬಿಟ್ಟುಕೊಟ್ಟು ನಾವು ಸುಮ್ಮನಿರುವುದು ಆ ಜಿಲ್ಲೆಯ ಅಧ್ಯಾಪಕರಿಗೆ ಶೋಭಿಸದು.

ನಮ್ಮ ಬೆಳೆಗಳಿಗೂ ಇಲ್ಲಿ ಸ್ಥಾನವುಂಟು. ಹರಳೆಣ್ಣೆಯಿಂದ ದೊರೆಯುವ 12-ಹೈಡ್ರಾಕ್ಸಿಸ್ಟಿಯರಿಕ್ ಆಮ್ಲವು ನೂರಕ್ಕೆ ಕೆಲವೇ ಪಾಲಿನಷ್ಟು ಬೆರೆತರೂ ಎಣ್ಣೆಯನ್ನು ಹೆಪ್ಪುಗಟ್ಟಿಸಬಲ್ಲುದು. ಅದು ಕಟ್ಟುವ ಜಾಲವು ನೂಲಿನಂಥ ಅತಿಸೂಕ್ಷ್ಮವಾದ ಹರಳುಗಳದು. ನೂಲು ಸಣ್ಣದಾದಷ್ಟೂ ಹೆಪ್ಪು ತಿಳಿಯಾಗುತ್ತದೆ. ಹರಳಿನ ಗಿಡವೂ ಹರಳುಗಟ್ಟುವುದೂ ಕನ್ನಡದಲ್ಲಿ ಒಂದೇ ಅಕ್ಷರಗಳಲ್ಲಿರುವುದನ್ನು ಶ್ಲೇಷಪ್ರಿಯರು ಬಳಸಿಕೊಳ್ಳಬಹುದು.

ದೀಪವನ್ನು ಬಿಟ್ಟು ಬೇರೆ ಕಡೆಯಲ್ಲಿಯೂ ಗಟ್ಟೆಣ್ಣೆಗೆ ಉಪಯೋಗವಿದೆ. ದೂರವಾಣಿಯ ಮತ್ತು ಗಾಜಿನೆಳೆಯ ತಂತಿಗಳೊಳಕ್ಕೆ ನೀರಿಳಿಯದಂತೆ ಇದನ್ನು ತುಂಬುವರು. ಶ್ರವಣಾತೀತ ಧ್ವನಿಯಿಂದ ದೇಹದೊಳಗನ್ನು ನೋಡುವ ವಿದ್ಯೆಯನ್ನು ಕಲಿಯುವ ವೈದ್ಯವಿದ್ಯಾರ್ಥಿಗಳಿಗೆ, ಮಾಂಸದಂತೆ ಮೆತ್ತಗೆ ಅದುಮಿಕೊಳ್ಳುವ, ಬಹುಕಾಲ ಕೊಳೆಯದ ಪ್ರತಿಕೃತಿಗಳನ್ನು ಇದರಿಂದ ಎರೆಯುವರು. ದ್ರವ್ಯವು ತಿಳಿಯಾದುದರಿಂದ ಸೂಜಿಯು ಒಳಗೆ ಹೋದ ದಾರಿಯನ್ನು ಗುರುವು ಕಣ್ಣಾರೆ ನೋಡಿ ತಿದ್ದಬಹುದು. ಅಲ್ಲಿ ಬತ್ತಿಯೂ ಇಲ್ಲ, ಹಣತೆಯೂ ಇಲ್ಲ. ಗಟ್ಟೆಣ್ಣೆಯೆಂಬ ಹೆಸರು ಮಾತ್ರ ಅಲ್ಲಿಗೂ ಹಾಗೆಯೇ ಸಲ್ಲುತ್ತದೆ.