ಜರ್ಮನಿಯ ಹುಡುಗಿ ನಿಮ್ಮ ಮನೆಯ ಮಗಳಾದರೆ?

16 ವರ್ಷದ ಜರ್ಮನ್ ಹುಡುಗಿಯೊಬ್ಬಳು ಒಂದು ವರ್ಷ ನಿಮ್ಮೂರಲ್ಲಿದ್ದು ಇಲ್ಲಿನ ಕಾಲೇಜಿಗೆ ಹೋಗಿ ಬರ್ತೀನಿ ಅಂದರೆ ಏನನ್ನುತ್ತೀರಿ? "ಅಯ್ಯೋ, ನಮ್ಮದು ಎರಡು ಕೋಣೆ ಮನೆ. ಇಂಗ್ಲಿಷೂ ಅಷ್ಟಕ್ಕಷ್ಟೆ. ಬೆಂಗಳೂರು ಬಿಟ್ಟು ಹಾಸನ, ಅರಕಲಗೂಡಿಗೆ ಯಾಕೆ ಬರ್ತಾಳೆ?" ಎನ್ನುವಿರಲ್ಲವೇ? ಬರಬಾರದೆಂದೇನಿಲ್ಲ, ಸೋದರಿ. ಕೇಳಿ.

ಜರ್ಮನಿಯಲ್ಲಿ ಹತ್ತು-ಹನ್ನೊಂದನೆಯ ತರಗತಿಯ ಎಷ್ಟೋ ಮಕ್ಕಳು ಒಂದು ವರ್ಷ ಪರದೇಶದ ಶಾಲೆಯಲ್ಲಿ ಕಳೆದು ಬರುತ್ತಾರೆ. ಹೆಚ್ಚಿನವರ ಕಣ್ಣು ಅಮೆರಿಕದ ಮೇಲೆ. ಭಾರತವೇ ಬೇಕು ಅನ್ನುವವರು ಕೆಲವರು. ರೋಟರಿ, ಎ.ಎಫ್.ಎಸ್.ನಂಥ ಸಂಸ್ಥೆಗಳು ಇದನ್ನು ನಡೆಸುತ್ತವೆ. ಎ.ಎಫ್.ಎಸ್. ಹುಟ್ಟಿದ್ದು 1915ರಲ್ಲಿ, ಮೊದಲ ಮಹಾಯುದ್ಧದ ಗಾಯಾಳುಗಳನ್ನು ಸಾಗಿಸಿದ ಅಮೆರಿಕನ್ ಸ್ವಯಂಸೇವಕರಿಂದ. ಎರಡನೆಯ ಯುದ್ಧ ಮುಗಿದ ಮೇಲೆ, 1947ರಲ್ಲಿ, ಅದೇ ಸಂಸ್ಥೆ ಶಾಲಾಮಕ್ಕಳ ವಿನಿಮಯ ಶುರುಮಾಡಿತು. ರೋಟರಿಯಲ್ಲಿ ಮಗುವನ್ನು ಸಾಮಾನ್ಯವಾಗಿ ಎರಡು ಮೂರು ಮನೆಗಳಲ್ಲಿ ಸರದಿಯಂತೆ ಇಡುತ್ತಾರೆ. ವರ್ಷವಿಡೀ ಭಾರ ನಿಮ್ಮೊಬ್ಬರ ಮೇಲೇ ಬೀಳದು. ಇದಕ್ಕೆ ಹಣ ಕೊಡುವುದಿಲ್ಲ. ಪೇಯಿಂಗ್ ಗೆಸ್ಟ್ ಅಲ್ಲ ಅವಳು, ಮನೆಮಗಳು.

ಮಗಳು ಎಂಬ ಈ ಮಾತನ್ನು ನೆನಪಿಡಿ. ಬೇಲೂರು, ಹಳೇಬೀಡು, ಚನ್ನರಾಯಪಟ್ಟಣದ ಬಳಿಯ ಶ್ರವಣಬೆಳಗೊಳ ಇವನ್ನು ಪ್ರವಾಸಿ ಎರಡು ದಿನದಲ್ಲಿ ನೋಡಿ ಹೋಗುತ್ತಾನೆ. ಇವಳು ಬರುವುದು ಸೊಪ್ಪಿನವಳ ಹತ್ತಿರ ನೀವು ಚೌಕಾಸಿ ಮಾಡುವುದನ್ನು ನೋಡಲು, ಹಾಸನಾಂಬೆಯ ಬಾಗಿಲು ತೆರೆದಾಗ ನಿಮ್ಮ ಜೊತೆ ಸಾಲಿನಲ್ಲಿ ನಿಲ್ಲಲು, ಹೊಳೆನರಸೀಪುರದ ಅಜ್ಜಿ ಮನೆಗೆ ಬಸ್ಸಿನಲ್ಲಿ ಹೋಗಲು. ಅದಕ್ಕೆ ದೊಡ್ಡ ಬಂಗಲೆ ಬೇಡ. ಹಾಸಿಗೆ, ಓದಲು ಒಂದು ಮೂಲೆ, ಶುಚಿಯಾದ ಬಚ್ಚಲು ಇದ್ದರೆ ಸಾಕು.

ತೊಡಕು ಬರುವುದು ಬೇರೆ ಕಡೆ. "ಇನ್ನೊಂದು ದೋಸೆ?" ಅಂದರೆ ನಾವು ಎರಡು ಸಲ ಬೇಡ ಅಂದು ಮೂರನೇ ಸಲ ತಟ್ಟೆ ಒಡ್ಡುವವರು. ಜರ್ಮನರಲ್ಲಿ ಬೇಡ ಅಂದರೆ ಬೇಡ. ಬಲವಂತ ಮಾಡಿದರೆ ತನ್ನ ಮಾತಿಗೆ ಬೆಲೆಯಿಲ್ಲವೆಂದು ಅವಳು ನೊಂದುಕೊಳ್ಳಬಹುದು. ಇದಕ್ಕೆ ಉಲ್ಟಾ ಕೂಡ ಇದೆ. "ಪಾತ್ರೆ ತೊಳೀಲಾ ಆಂಟಿ?" ಅಂತ ಅವಳು ಕೇಳುತ್ತಾಳೆ, ನೀವು ಸಂಕೋಚದಿಂದ "ಪರವಾಗಿಲ್ಲ ಬಿಡಮ್ಮ" ಅನ್ನುತ್ತೀರಿ. ಅವಳು ಅದನ್ನೇ ನಿಜವೆಂದು ನಂಬಿ ಹೋಗಿ ಕೂರುತ್ತಾಳೆ. ತಿಂಗಳಾಗುವಷ್ಟರಲ್ಲಿ "ಒಂದು ಲೋಟ ಎತ್ತಿಡಲ್ಲ ನೋಡಿ" ಅಂತ ಅತ್ತೆಯವರ ಗೊಣಗಾಟ! ತಪ್ಪು ಯಾರದೂ ಅಲ್ಲ. ಮೊದಲ ವಾರವೇ ಬಾಯಿಬಿಟ್ಟು ಹೇಳಿಬಿಡಿ: ಹಾಸಿಗೆ ಮಡಿಸುವುದು ನಿನ್ನ ಕೆಲಸ, ಸಂಜೆ ಇಷ್ಟು ಹೊತ್ತಿಗೆ ಮನೆ ಸೇರಬೇಕು, ದೇವರ ಮನೆಗೆ ಹೀಗೆ ಬರಬೇಕು. ಮುಟ್ಟಿನ ದಿನಗಳಲ್ಲಿ ನಿಮ್ಮ ಮನೆಯಲ್ಲಿ ಕಟ್ಟುಪಾಡಿದ್ದರೆ ಅದನ್ನೂ ಮುಂಚೆಯೇ ಮೃದುವಾಗಿ ತಿಳಿಸಿ. ಆ ದಿನ ಬಾಗಿಲಲ್ಲಿ ತಡೆದು ನಿಲ್ಲಿಸಿದರೆ ಎಳೆಯ ಮನಸ್ಸಿಗೆ ಪೆಟ್ಟು. ಅವಳು ಕೋಣೆಯ ಬಾಗಿಲು ಹಾಕಿಕೊಂಡರೆ ಸಿಟ್ಟೆಂದು ತಿಳಿಯಬೇಡಿ. ಅವರಲ್ಲಿ ಅದು ರೂಢಿ.

ಊಟದ ವಿಷಯ. ಎಷ್ಟೋ ಜರ್ಮನ್ ಮನೆಗಳಲ್ಲಿ ರಾತ್ರಿ ಒಲೆಯನ್ನೇ ಹಚ್ಚುವುದಿಲ್ಲ; ಬ್ರೆಡ್, ಚೀಸ್ ತಿಂದು ಮುಗಿಸುತ್ತಾರೆ. ಮೊದಮೊದಲು ಖಾರ ತಗ್ಗಿಸಿ, ಕುದಿಸಿ ಆರಿಸಿದ ನೀರು ಕೊಡಿ. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಹೇಳಿಕೊಡಿ, ನಗೆಯೋ ನಗೆ! ಡಿಸೆಂಬರ್ 24ರ ಸಂಜೆ ಮಾತ್ರ ಅವಳನ್ನು ಒಂಟಿಯಾಗಿ ಬಿಡಬೇಡಿ. ಜರ್ಮನಿಯಲ್ಲಿ ಕ್ರಿಸ್ಮಸ್ಸಿಗೆ ಇಡೀ ಮನೆ ಕೂಡುವುದು ಆ ಸಂಜೆಯೇ. ಅಂದು ಅವಳು ಅತ್ತರೆ ಸುಮ್ಮನೆ ಪಕ್ಕದಲ್ಲಿ ಕೂತುಕೊಳ್ಳಿ.

ಹೊಣೆ ಹಗುರವಲ್ಲ. ಸಂಸ್ಥೆಯವರು ಮನೆಗೆ ಬಂದು ನೋಡುತ್ತಾರೆ, ಮನೆಯವರ ಪೂರ್ವಾಪರ ವಿಚಾರಿಸುತ್ತಾರೆ. ಬೇಸರಪಡಬೇಡಿ, ಹೆತ್ತವಳ ಜಾಗದಲ್ಲಿ ನಿಂತು ಯೋಚಿಸಿ. ವಿದೇಶೀಯರು ಮನೆಯಲ್ಲಿ ತಂಗಿದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಇದನ್ನು ಆನ್‌ಲೈನಿನಲ್ಲೇ ಮಾಡಬಹುದು. ರೋಟರಿಯ ಮಕ್ಕಳು ವಾಹನ ಓಡಿಸುವಂತಿಲ್ಲ. ನಿಮ್ಮ ಮಗ ಪ್ರೀತಿಯಿಂದ ಸ್ಕೂಟರ್ ಕೀ ಕೊಟ್ಟರೂ ನೀವು ಕಿತ್ತಿಟ್ಟುಕೊಳ್ಳಿ.

ಭಾಷೆಗೆ ಹೆದರಬೇಡಿ. ಕನ್ನಡಕ್ಕೆ ದೊಡ್ಡ ನಿಘಂಟು ಕೊಟ್ಟ ಕಿಟ್ಟೆಲ್ ಯಾರು? 1853ರಲ್ಲಿ ಇಲ್ಲಿಗೆ ಬಂದಾಗ 21 ವರ್ಷದ ಜರ್ಮನ್ ಹುಡುಗ. ಆ ನಿಘಂಟು ಅಚ್ಚಾದದ್ದು 1894ರಲ್ಲಿ. ನಿಮ್ಮ ಮನೆಯ ಹುಡುಗಿ ನಿಘಂಟು ಬರೆಯಬೇಕಿಲ್ಲ. "ಸಾಕಮ್ಮ, ಹೊಟ್ಟೆ ತುಂಬಿತು" ಅಂದರೆ ಆಯಿತಲ್ಲ! ಅಷ್ಟನ್ನು ಕಲಿಸಲು ನಿಮಗಿಂತ ಒಳ್ಳೆಯ ಮೇಷ್ಟ್ರು ಬೇಕೇ?

ಇನ್ನೊಂದು ಮಾತು. ವಿನಿಮಯ ಎಂದರೆ ಬರುವುದೂ ಉಂಟು, ಹೋಗುವುದೂ ಉಂಟು. ಅರಕಲಗೂಡು ತಾಲ್ಲೂಕಿನ ಗೊರೂರರು ಇಳಿವಯಸ್ಸಿನಲ್ಲಿ ಪರದೇಶ ನೋಡಿ ಬರೆದ 'ಅಮೆರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಮ ಮಗಳು ಅಷ್ಟು ಕಾಲ ಕಾಯಬೇಕಿಲ್ಲ. 15ರಿಂದ 19ರೊಳಗಿನ ಮಕ್ಕಳಿಗೆ ರೋಟರಿಯಲ್ಲಿ ಅವಕಾಶವಿದೆ. ತಂದೆ ರೋಟರಿ ಸದಸ್ಯರೇ ಆಗಿರಬೇಕೆಂದಿಲ್ಲ. ನಿಮಗೆ ಹತ್ತಿರದ ಕ್ಲಬ್ಬಿನಲ್ಲಿ ಒಮ್ಮೆ ವಿಚಾರಿಸಿ. ಇಂದು ನೀವು ಪರರ ಮಗಳಿಗೆ ಬಡಿಸಿದ ಅನ್ನವನ್ನು ನಾಳೆ ಯಾವುದೋ ಜರ್ಮನ್ ತಾಯಿ ನಿಮ್ಮ ಮಗಳಿಗೆ ಬಡಿಸಿಯಾಳು.