ಹಲ್ಲಿಗೆ ಕಟ್ ಅನ್ನಬೇಕು

ರೋಣ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ಸೋದರತ್ತೆಯ ಮನೆ. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ವರ್ಷವೂ ಒಂದು ಸಾಲು ಪುಂಡಿ ಏಳುತ್ತದೆ. ಹೋದ ಸಲ ಬೆಂಗಳೂರಿನಿಂದ ನನ್ನ ಜೊತೆ ಬಂದಿದ್ದ ಗೆಳೆಯ ಅದರ ಎಲೆ ಕಂಡು ಗಾಬರಿಯಾದ. ‘ಇದನ್ನ ಇಲ್ಲಿ ಹೀಗೆ ಎಲ್ಲರೆದುರಿಗೇ ಬೆಳೀತಾರಾ?’ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ತಪ್ಪು ಅವನದಲ್ಲ. ಪುಂಡಿಯ ಕೆಳಗಿನ ಎಲೆ ದುಂಡಗೆ, ಮೇಲಿನವು ಬೆರಳು ಬಿಡಿಸಿದ ಅಂಗೈಯ ಹಾಗೆ. ಲಿನಿಯಸ್‌ನ ಕಣ್ಣಿಗೂ ಅದು ಹಾಗೆಯೇ ಕಂಡಿರಬೇಕು. ಹೈಬಿಸ್ಕಸ್ ಕ್ಯಾನಬೈನಸ್, ಅಂದರೆ ಗಾಂಜಾದಂಥ ದಾಸವಾಳ ಎಂದು ಹೆಸರಿಟ್ಟ. ಹಿತ್ತಲಲ್ಲಿ ಗಾಂಜಾ ಬೆಳೆದರೆ 1985ರ ಮಾದಕ ವಸ್ತು ಕಾಯ್ದೆ ಹತ್ತು ವರ್ಷದವರೆಗೂ ಜೈಲು ತೋರಿಸುತ್ತದೆ. ಪುಂಡಿ ಬೆಳೆದರೆ ಜೋಳದ ನುಚ್ಚು ಹಾಕಿ ಕುದಿಸಿದ ಹುಳಿ ಪಲ್ಲೆ, ಮೇಲೆ ಒಗ್ಗರಣೆ, ಪಕ್ಕಕ್ಕೆ ಬಿಸಿ ರೊಟ್ಟಿ.

ಗೆಳೆಯನ ಅನುಮಾನ ಕೇಳಿ ಅತ್ತೆ ನಕ್ಕಳು. ‘ಇದನ್ನ ಕದ್ದು ತಿನ್ನಾವ್ರು ಪೊಲೀಸರಿಗೆ ಸಿಗೂದಿಲ್ಲೋ ತಮ್ಮಾ, ಭಾಳ ಸಣ್ಣವರದಾರ’ ಎಂದು ಎಲೆ ಮಗುಚಿ ತೋರಿಸಿದಳು. ಅರಳೆ ಅಂಟಿಸಿದ ಹಾಗೆ ಬೆಳ್ಳಗೆ ಹಿಟ್ಟು ತಿಗಣೆ. ಅದರ ಸುತ್ತ ಇರುವೆಯ ಸಾಲು, ತಿಗಣೆ ಬಿಡುವ ಸಿಹಿ ಅಂಟಿಗಾಗಿ. ಆ ಅಂಟಿನ ಮೇಲೆಯೇ ಆಮೇಲೆ ಮಸಿಯಂಥ ಕಪ್ಪು ಬೂಷ್ಟು ಕೂರುತ್ತದೆ. ಅತ್ತೆಗೆ ಅದರ ಶಾಸ್ತ್ರ ಬೇಕಿಲ್ಲ. ಹಿಡಿದ ತುದಿಯನ್ನು ಚಿವುಟಿ ಒಲೆಗೆ ಹಾಕುತ್ತಾಳೆ, ಉಳಿದದ್ದಕ್ಕೆ ಬೇವಿನ ಬೀಜ ಕುಟ್ಟಿ ರಾತ್ರಿ ನೆನೆಸಿದ ನೀರು, ಬೆಳಗಿನ ಇಬ್ಬನಿ ಇರುವಾಗಲೇ ಒಂದು ಹಿಡಿ ಬೂದಿ. ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜ ಎಂದು ಕೃಷಿ ಇಲಾಖೆಯವರು ಹೇಳುವ ಲೆಕ್ಕವೂ ಅವಳ ಎರಡು ಹಿಡಿಗೂ ಹೆಚ್ಚು ದೂರವಿಲ್ಲ.

ಪಕ್ಕದ ಹೀರೆ ಬಳ್ಳಿಗೆ ಬೂದಿ ರೋಗ. ಎಲೆಯ ಮೇಲೆ ಯಾರೋ ಹಿಟ್ಟು ಜರಡಿ ಹಿಡಿದಂತೆ. ಇದು ಬೂಷ್ಟುಗಳಲ್ಲೇ ವಿಚಿತ್ರ ಜಾತಿ: ಬೇರೆ ಶಿಲೀಂಧ್ರಗಳ ಬೀಜಕಣ ಮೊಳೆಯಲು ಎಲೆಯ ಮೇಲೆ ನೀರು ನಿಲ್ಲಬೇಕು, ಇದಕ್ಕೆ ಬೇಡ. ಜೋರು ಮಳೆ ಬಂದರೆ ತೊಳೆದೇ ಹೋಗುತ್ತದೆ. ಮಳೆ ಬಿಟ್ಟು ಹಗಲು ಒಣಗಿ, ರಾತ್ರಿ ತಣ್ಣಗಾಗಿ, ಗಿಡ ಒತ್ತೊತ್ತಾಗಿ ಬೆಳೆದು ಗಾಳಿಯಾಡದಿದ್ದರೆ ಇದಕ್ಕೆ ಹಬ್ಬ. ಹುಳಿ ಮಜ್ಜಿಗೆ ನೀರು ಮಾಡಿ ಚಿಮುಕಿಸುವುದನ್ನು ನಾನು ಮೊದಲು ಹೆಂಗಸರ ಸಮಾಧಾನ ಎಂದುಕೊಂಡಿದ್ದೆ. ಬ್ರೆಜಿಲ್‌ನ ವಿಜ್ಞಾನಿ ವಾಗ್ನರ್ ಬೆಟ್ಟಿಯೋಲ್ 1999ರಲ್ಲಿ ಕುಂಬಳದ ಜಾತಿಯ ಬಳ್ಳಿಗೆ ಆಕಳ ಹಾಲಿನ ನೀರು ಸಿಂಪಡಿಸಿ ಬೂದಿ ರೋಗ ತಗ್ಗಿದ್ದನ್ನು ದಾಖಲಿಸಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ರೋಣ, ನರಗುಂದ, ಗಜೇಂದ್ರಗಡ ಎಂದರೆ ಹೊರಗಿನವರಿಗೆ ನೆನಪಾಗುವುದು ಬರ. ಬರದ ನಾಡಿಗೆ ಬೂಷ್ಟಿನ ಚಿಂತೆ ಯಾಕೆ ಎಂದು ಕೇಳಬಹುದು. ಇಲ್ಲಿ ಮಳೆ ಕಡಿಮೆ ನಿಜ, ಆದರೆ ಅದಕ್ಕೆ ಹೊತ್ತುಗೊತ್ತಿಲ್ಲ. ಬಿತ್ತುವಾಗ ಕೈ ಕೊಟ್ಟದ್ದು ಕೊಯ್ಯುವಾಗ ಹಾಜರಾಗುತ್ತದೆ. ಎರೆ ನೆಲವೋ, ಒಮ್ಮೆ ಕುಡಿದ ನೀರನ್ನು ಬೇಗ ಬಿಡುವುದಿಲ್ಲ.

ಹೆಸರಿನ ಕತೆಯನ್ನೇ ನೋಡಿ. ನರಗುಂದದ ಕಡೆ ಮುಂಗಾರಿಗೆ ಹೆಸರು ಬಿತ್ತುತ್ತಾರೆ. ಜೂನ್‌ನಲ್ಲಿ ಬಿತ್ತಿದ್ದು 65-70 ದಿನಕ್ಕೆ, ಶ್ರಾವಣದ ಜಿಟಿಜಿಟಿಯಲ್ಲಿ ಕೊಯ್ಲಿಗೆ ಬರುತ್ತದೆ. ಕಾಯಿ ಕಪ್ಪಾದ ಮೇಲೆ ನಾಲ್ಕು ದಿನ ಮೋಡ ಮುಸುಕಿದರೆ ಸಾಕು, ಗಿಡದಲ್ಲೇ ಕಾಳು ಮೊಳೆಯುತ್ತದೆ, ಉಳಿದದ್ದು ಮುಗ್ಗುತ್ತದೆ. ಆಮೇಲೆ ಡಾಂಬರು ರಸ್ತೆಯೇ ಕಣ. ವಾಹನಗಳು ಹಾಯುವ ರಸ್ತೆಯಲ್ಲಿ ಕಾಳು ಹರವಿದ್ದನ್ನು ನೋಡಿ ಕಾರಿನವರು ಬೈಯುತ್ತಾರೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ತೇವಾಂಶ ಶೇ 12 ದಾಟಿದರೆ ಚೀಲ ವಾಪಸ್ ಬರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ರಸ್ತೆಯಲ್ಲಿ ಒಣಗಿಸುವುದು ಅಪಾಯ, ಒಪ್ಪುತ್ತೇನೆ. ಅದಕ್ಕೆ ಬೈಗುಳಕ್ಕಿಂತ ಊರಿಗೊಂದು ಕಾಂಕ್ರೀಟ್ ಕಣ ಉತ್ತಮ ಉತ್ತರ.

ಮೆಣಸಿನಕಾಯಿಯದು ಚಳಿಗಾಲದ ಕೆಲಸ. ಹಗಲು ಹರವು, ಸಂಜೆ ಇಬ್ಬನಿ ಬೀಳುವ ಮೊದಲು ಗುಡ್ಡೆ ಮಾಡಿ ಮುಚ್ಚು, ಬೆಳಗಾದರೆ ಮತ್ತೆ ಹರವು. ಹತ್ತು ಹನ್ನೆರಡು ದಿನ ಇದೇ ಪಾಡು. ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಬೀಜ ಗಿಲಿಗಿಲಿ ಎನ್ನಬೇಕು. ಕಾಯಿ ಮುರಿಯಬಾರದೆಂದೋ ತೂಕ ಬರಲೆಂದೋ ಅದರ ಮೇಲೆ ನೀರು ಚಿಮುಕಿಸಿ ಚೀಲ ತುಂಬುವವರೂ ಉಂಟು. ಹಾಗೆ ಮಾಡಿದ ಚೀಲದೊಳಗೆ ಆಸ್ಪರ್‌ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ವಿಷ ಬಿಡುತ್ತದೆ. ಯಕೃತ್ತಿಗೆ ಮಾರಕವಾದ ಈ ವಿಷ ಒಗ್ಗರಣೆಯ ಬಿಸಿಗೆ ಸಾಯುವುದಿಲ್ಲ. ಯುರೋಪಿನ ಒಕ್ಕೂಟ ಕಿಲೋ ಮೆಣಸಿನಕಾಯಿಗೆ 10 ಮೈಕ್ರೊಗ್ರಾಂ ದಾಟಿದರೆ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇನ್ನು ಜೋಳ. ಈ ಸೀಮೆಯವರು ಬಿಳಿಜೋಳವನ್ನು ಬಿಟ್ಟುಕೊಡದಿರುವುದಕ್ಕೆ ರುಚಿಯೊಂದೇ ಕಾರಣವಲ್ಲ. ಮುಂಗಾರಿನ ಹೈಬ್ರಿಡ್ ಜೋಳ ಮಳೆಯಲ್ಲೇ ತೆನೆ ಕಟ್ಟುತ್ತದೆ. ಕಾಳಿನ ಮೇಲೆ ಕಪ್ಪು, ಗುಲಾಬಿ ಬಣ್ಣದ ಬೂಷ್ಟು ಕೂತು ರೊಟ್ಟಿ ಕಹಿಯಾಗುತ್ತದೆ. ಹಿಂಗಾರಿನ ಮಾಲದಂಡಿ, ಅದರಲ್ಲೇ ಆರಿಸಿ ತೆಗೆದ ಎಂ 35-1, ಎರೆಯ ಉಳಿದ ಹಸಿಯಲ್ಲೇ ಬೆಳೆದು ಒಣ ಚಳಿಯಲ್ಲಿ ಬಲಿಯುತ್ತದೆ. ಬೂಷ್ಟಿಗೆ ಅವಕಾಶವೇ ಸಿಗುವುದಿಲ್ಲ. ಔಷಧಿ ಹೊಡೆದು ಗೆದ್ದದ್ದಲ್ಲ, ಬಿತ್ತುವ ಹೊತ್ತನ್ನು ಆರಿಸಿಕೊಂಡು ಗೆದ್ದದ್ದು.

ಅಂಥ ಜೋಳವನ್ನು ಇಡುತ್ತಿದ್ದದ್ದು ಹಗೇವಿನಲ್ಲಿ. ಈಗಿನ ಹುಡುಗರು ಆ ಮಾತು ಕೇಳಿರಬಹುದು, ನೋಡಿರಲಿಕ್ಕಿಲ್ಲ. ಮನೆಯ ಮುಂದೆಯೋ ಪಡಸಾಲೆಯಲ್ಲೋ, ನೀರು ನಿಲ್ಲದ ದಿನ್ನೆಯ ಗಟ್ಟಿ ನೆಲ ನೋಡಿ ತೋಡಿದ ನೆಲಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಗಡಿಗೆಯಂತೆ ಅಗಲ. ತಳಕ್ಕೂ ಗೋಡೆಗೂ ಒಣ ಹುಲ್ಲು, ಕಣಿಕೆ ಹೊಂದಿಸಿ ಕಾಳು ಸುರಿದು, ಮೇಲೆ ಮತ್ತೆ ಹುಲ್ಲು, ಬಾಯಿಗೆ ಹಾಸುಗಲ್ಲು, ಸುತ್ತ ಮಣ್ಣು ಮೆತ್ತಿ ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಕೇಳುವಂತಿಲ್ಲ. ಒಳಗೆ ಹುಳು ಇರುವುದಿಲ್ಲವೇ? ಇರುತ್ತದೆ. ಕಾಳೂ ಉಸಿರಾಡುತ್ತದೆ, ನುಸಿಯೂ ಉಸಿರಾಡುತ್ತದೆ. ಇದ್ದ ಆಮ್ಲಜನಕವನ್ನೆಲ್ಲ ತಾವೇ ತೀರಿಸಿ, ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ನುಸಿಗಳು ತಮ್ಮ ಉಸಿರಿನಿಂದಲೇ ಸಾಯುತ್ತವೆ.

ಅದೇ ಗಾಳಿ ಮನುಷ್ಯರನ್ನೂ ಕೊಂದಿದೆ. ಬಾಯಿ ತೆರೆದ ಕೂಡಲೇ ಇಳಿದವರು ಮೇಲೆ ಬರಲಿಲ್ಲ, ಅವರನ್ನು ಎತ್ತಲು ಹೋದವರೂ ಬರಲಿಲ್ಲ ಎಂಬ ಕತೆ ಹಲವು ಊರಲ್ಲಿ ಕೇಳಿದ್ದೇನೆ. ಅದಕ್ಕೇ ಕಲ್ಲು ಸರಿಸಿ ದಿನವೆಲ್ಲ ಬಿಟ್ಟು, ಮೊದಲು ಹಗ್ಗಕ್ಕೆ ಕಟ್ಟಿದ ಕಂದೀಲು ಇಳಿಸುತ್ತಿದ್ದರು. ದೀಪ ಆರದಿದ್ದರೆ ಆಮೇಲೆ ಮನುಷ್ಯ.

ಹಗೇವು ಹೊಗಳುವವರು ಅದರ ಐಬನ್ನು ಹೇಳುವುದಿಲ್ಲ. ಗೋಡೆಗೆ ತಾಗಿದ ಕಾಳು ನೆಲದ ತೇವ ಕುಡಿದು ಹೆಂಟೆಗಟ್ಟುತ್ತಿತ್ತು, ಮುಗ್ಗಲು ವಾಸನೆ ಬರುತ್ತಿತ್ತು. ಒಳಗಿನ ಕಾಳು ಉಣ್ಣಲು ಸರಿ, ಬಿತ್ತಲು ಅಲ್ಲ. ಮೊಳೆಯುವ ಶಕ್ತಿ ಹೋಗಿರುತ್ತಿತ್ತು. ಹಾಗಾಗಿ ಬೀಜದ ತೆನೆ ಬೇರೆ, ಅದು ಒಲೆಯ ಮೇಲಿನ ಜಂತಿಗೆ ತೂಗಿ ಹೊಗೆ ಕುಡಿಯಬೇಕು. ಈಗ ರೇಷನ್ ಅಕ್ಕಿ ಬಂದಿದೆ, ಹಗೇವಿನ ಮೇಲೆ ಸಿಮೆಂಟ್ ರಸ್ತೆ ಬಂದಿದೆ. ತಮಾಷೆಯೆಂದರೆ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಅಲಸಂದೆ ಬೆಳೆಗಾರರಿಗಾಗಿ ರೂಪಿಸಿದ ಮೂರು ಪದರದ ಗಾಳಿಯಾಡದ ಚೀಲ ಮಾಡುವುದೂ ಇಷ್ಟೇ: ಹುಳುವಿನ ಉಸಿರು ಕಟ್ಟಿಸುವುದು.

ಬೇಳೆಕಾಳಿನ ಹುಳು ಇನ್ನೂ ಚಾಲಾಕು. ಹೊಲದಲ್ಲಿ ಕಾಯಿಯ ಮೇಲೆಯೇ ಮೊಟ್ಟೆ ಇಟ್ಟಿರುತ್ತದೆ; ಮನೆಗೆ ತಂದ ಮೇಲೆ ಕಾಳು ಕೊರೆದು ಹೊರಬರುತ್ತದೆ. ಡಬ್ಬಿ ಎಷ್ಟು ಬಿಗಿಯಾಗಿದ್ದರೂ ಹುಳ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಅದು. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಹೆಸರಿಗೆ ಕಿಲೋಗೆ ಒಂದು ಚಮಚದಷ್ಟು ಔಡಲೆಣ್ಣೆ ಸವರುವುದು ಇದಕ್ಕಾಗಿ. ಎಣ್ಣೆ ಸವರಿದ ಕಾಳಿನ ಮೇಲೆ ಇಟ್ಟ ಮೊಟ್ಟೆ ಬದುಕುವುದಿಲ್ಲ. ಒಡೆದು ಬೇಳೆ ಮಾಡಿಟ್ಟರೂ ಅದಕ್ಕೆ ಮನೆ ಸಿಕ್ಕುವುದಿಲ್ಲ. ಅಂಗಡಿಯಲ್ಲಿ ಸಿಗುವ ಗುಳಿಗೆಯನ್ನು ಚೀಲದಲ್ಲಿ ಹಾಕಿ ಅದೇ ಕೋಣೆಯಲ್ಲಿ ಮಲಗುವವರನ್ನು ಕಂಡಿದ್ದೇನೆ. ಆ ಗುಳಿಗೆ ಬಿಡುವ ಫಾಸ್ಫೀನ್ ಅನಿಲ ಹುಳುವಿಗೂ ಮನುಷ್ಯರಿಗೂ ಭೇದ ಮಾಡುವುದಿಲ್ಲ. ಮನೆಯೊಳಗೆ ಅದು ಬೇಡವೇ ಬೇಡ.

ಹೊರಡುವ ದಿನ ಅತ್ತೆ ಜೋಳದ ಚೀಲಕ್ಕೆ ಮೊಳಕೈವರೆಗೆ ಕೈ ಇಳಿಸಿ ಒಂದು ಹೊತ್ತು ಸುಮ್ಮನೆ ನಿಂತಳು. ಒಳಗೆ ಬಿಸಿ ಹತ್ತಿದ್ದರೆ ಕಾಳು ಕೆಡತೊಡಗಿದೆ ಎಂದು ಅರ್ಥ. ನಾಲ್ಕು ಕಾಳು ತೆಗೆದು ನನ್ನ ಬಾಯಿಗೂ ಹಾಕಿದಳು. ‘ಹಲ್ಲಿಗೆ ಕಟ್ ಅನಬೇಕು. ಮೆತ್ತಗ ಚಪ್ಪಟಿ ಆತಂದ್ರ ಮತ್ತೆರಡು ದಿನ ಬಿಸಲಿಗೆ ಹಾಕ.’ ಕಟ್ ಅಂದಿತು.

ಗೆಳೆಯ ತನ್ನ ಬಾಲ್ಕನಿಯ ಕುಂಡಕ್ಕೆ ಪುಂಡಿ ಬೀಜ ಕೇಳಿದ. ಅಟ್ಟದ ಮೇಲಿನ ಪುಟ್ಟ ಗಡಿಗೆಯಿಂದ ಅತ್ತೆ ಒಂದು ಹಿಡಿ ತೆಗೆದು ಕಾಗದದಲ್ಲಿ ಸುತ್ತಿಕೊಟ್ಟಳು. ಬೀಜಕ್ಕೆಲ್ಲ ಬೂದಿ ಮೆತ್ತಿತ್ತು. ಅವನು ಊದಿ ಹಾರಿಸಲು ಹೋದ.

‘ಊದಬ್ಯಾಡ, ಹಂಗ ಬಿತ್ತು’ ಎಂದಳು. ‘ಒತ್ತೊತ್ತಿ ಬಿತ್ತಬ್ಯಾಡ ಮತ್ತ, ನಡುವ ಗಾಳಿ ಹಾಯ್ಬೇಕು.’